ಲಾವೊ ಕುವಾಂಗನ ಐದು ಬೆಂಕಿಗಳು

ಆವತ್ತು ಬೆಳಿಗ್ಗೆ ಲಾವೊ ಕುವಾಂಗನ ಮುಂದೆ ಬಂದು ಕೂತ ನೂಡಲ್ಸ್ ಬೆಳ್ಳಗಿತ್ತು.

ಬೆಳ್ಳಗೆ ಅಂದರೆ ಆಸ್ಪತ್ರೆಯ ಗೋಡೆಯಷ್ಟು ಬೆಳ್ಳಗೆ. ಮೇಲೆ ನಾಲ್ಕು ಚೂರು ಈರುಳ್ಳಿ ಎಲೆ, ಅವೂ ಪರಸ್ಥಳಕ್ಕೆ ಬಂದವರ ಹಾಗೆ ಒಂದು ಮೂಲೆಯಲ್ಲಿ ಮುದುಡಿಕೊಂಡಿದ್ದವು. ಎಪ್ಪತ್ತೆರಡು ವರ್ಷದ ಜೀವಮಾನದಲ್ಲಿ ಕುವಾಂಗ್ ಇಂಥ ಬಟ್ಟಲನ್ನು ಕಂಡಿದ್ದು ಒಂದೇ ಸಲ, ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಮಾರನೆಯ ದಿನ. ಆವತ್ತೂ ಅವನು ನರ್ಸಮ್ಮನ ಕಣ್ಣು ತಪ್ಪಿಸಿ ದಿಂಬಿನ ಕೆಳಗಿಂದ ಮೆಣಸಿನಪುಡಿಯ ಪೊಟ್ಟಣ ತೆಗೆದಿದ್ದ.

ನಮ್ಮ ಜಿಗೊಂಗ್ ಊರಿನವರು ಖಾರದ ವಿಷಯದಲ್ಲಿ ಯಾರಿಗೂ ತಲೆ ಬಾಗುವವರಲ್ಲ. ಅಂಥ ಜಿಗೊಂಗಿನವರೇ ಕುವಾಂಗ್ ಊಟಕ್ಕೆ ಕರೆದರೆ ಹಲ್ಲುನೋವು, ಮೊಮ್ಮಗನ ಪರೀಕ್ಷೆ, ಸತ್ತ ದೂರದ ನೆಂಟ, ಏನಾದರೊಂದು ನೆಪ ಹುಡುಕುತ್ತಿದ್ದರು. ತಿಂಗಳಿಗೆರಡು ಸಲ ಅವನು ಕೆಂಪೆಣ್ಣೆ ಮಾಡುತ್ತಿದ್ದ. ಕಾದ ಎಣ್ಣೆಯನ್ನು ಮೆಣಸಿನಪುಡಿಯ ಮೇಲೆ ಸುರಿದ ಗಳಿಗೆಗೆ ಎದುರು ಕಟ್ಟಡದ ಗುಬ್ಬಿಗಳು ಗೂಡು ಬಿಟ್ಟು ಹೋಗುತ್ತಿದ್ದವು. ಮೇಲಿನ ಮನೆಯವರು ಬರೀ ಅನ್ನದ ಬಟ್ಟಲು ಹಿಡಿದು ಕಿಟಕಿಗೆ ಬಂದು ನಿಂತು, ವಾಸನೆಯಲ್ಲೇ ಊಟ ಮುಗಿಸುತ್ತಿದ್ದರು. ಒಮ್ಮೆ ಒಬ್ಬ ಕಳ್ಳ ಮೂರನೆಯ ಮಹಡಿಯ ತನಕ ಬಂದು, ಅಲ್ಲಿಂದ ಹನ್ನೊಂದು ಸೀನು ಸೀನಿ, ತಾನಾಗಿಯೇ ಕಾವಲುಗಾರನ ಹತ್ತಿರ ಹೋಗಿ ನೀರು ಕೇಳಿದನಂತೆ. (ನಂಬಿಕೆಯಿಲ್ಲದಿದ್ದರೆ ಆ ಕಟ್ಟಡದಲ್ಲಿ ಯಾರನ್ನಾದರೂ ಕೇಳಿ. ಎಲ್ಲರೂ ಹೇಳುತ್ತಾರೆ, ಸೀನಿನ ಸಂಖ್ಯೆ ಮಾತ್ರ ಒಬ್ಬೊಬ್ಬರದು ಒಂದೊಂದು.)

ಅಂಥ ಕೆಂಪೆಣ್ಣೆಯ ಜಾಡಿ ಮೇಜಿನ ಮೇಲೆ ಇರಲಿಲ್ಲ. ಅದರ ಜಾಗದಲ್ಲಿ ಒಂದು ಗಾಜಿನ ಬುರುಡೆ, ಅದರೊಳಗೆ ಎರಡು ಕಪ್ಪು ಮೀನು. ಅವೆರಡೂ ಬಾಯಿ ತೆರೆದು ಮುಚ್ಚಿ, ಮನೆ ಖಾಲಿ ಮಾಡದ ಬಾಡಿಗೆಯವನನ್ನು ನೋಡುವ ಹಾಗೆ ಕುವಾಂಗನನ್ನು ನೋಡುತ್ತಿದ್ದವು.

"ಜಾಡಿ ಎಲ್ಲಿ?" ಎಂದ ಕುವಾಂಗ್.

"ತಿನ್ನು," ಎಂದಳು ಹೆಂಡತಿ ದೆಹುಯಿ.

"ಜಾಡಿ ಎಲ್ಲಿ ಅಂತ ಕೇಳ್ದೆ."

"ನಿನ್ನೊಳಗೆ ಆಗ್ಲೇ ಐದು ಬೆಂಕಿ ಇದೆಯಂತೆ ಮುದುಕ. ಆರನೇದು ಯಾಕೆ?"

ವಿಷಯ ಏನೆಂದರೆ, ಹಿಂದಿನ ವಾರ ಕುವಾಂಗನ ಬಾಯಲ್ಲಿ ಮೂರು ಹುಣ್ಣು ಎದ್ದಿದ್ದವು. ರಕ್ತದೊತ್ತಡ ಮೇಲೇರಿತ್ತು. ಅದು ಸಾಲದು ಅಂತ, ಕಟ್ಟಡಕ್ಕೆ ಲಿಫ್ಟ್ ಹಾಕಿಸುವ ಸಭೆಯಲ್ಲಿ ಮೇಜು ಗುದ್ದಿ ಯಾರದೋ ಚಹಾ ಕಪ್ಪು ಒಡೆದು ಬಂದಿದ್ದ. ಇದನ್ನೆಲ್ಲ ಒಟ್ಟು ಹಾಕಿಕೊಂಡು ದೆಹುಯಿ ನೆಟ್ಟಗೆ ಪಾಂಗ್ ಮೇಷ್ಟ್ರ ಹತ್ತಿರ ಹೋಗಿದ್ದಳು. ಪಾಂಗ್ ಮೇಷ್ಟ್ರು ಚಹಾ ಅಂಗಡಿಯ ಮುಂದಿನ ಆಲದ ಕೆಳಗೆ ಕೂತು ಹುಟ್ಟಿದ ಹೊತ್ತು ಲೆಕ್ಕ ಹಾಕುವವರು. ಹುಟ್ಟಿದ ವರ್ಷಕ್ಕೆ ಎರಡು ಅಕ್ಷರ, ತಿಂಗಳಿಗೆ ಎರಡು, ದಿನಕ್ಕೆ ಎರಡು, ಹೊತ್ತಿಗೆ ಎರಡು, ಒಟ್ಟು ಎಂಟು; ಒಂದೊಂದು ಅಕ್ಷರವೂ ಮರವೋ ಬೆಂಕಿಯೋ ಮಣ್ಣೋ ಲೋಹವೋ ನೀರೋ ಆಗಿರಬೇಕು. ಮೇಷ್ಟ್ರು ಜಾಡಿಯ ತಳದಂಥ ಕನ್ನಡಕ ಏರಿಸಿ, ಬೆರಳ ಗೆಣ್ಣು ಎಣಿಸಿ ಎಣಿಸಿ, ಎರಡನೆಯ ಸಲವೂ ಎಣಿಸಿ ಹೇಳಿದ್ದು ಇಷ್ಟು: ಕುವಾಂಗನ ಎಂಟು ಅಕ್ಷರದಲ್ಲಿ ಐದು ಬೆಂಕಿ, ಆ ಬೆಂಕಿಗೆ ಸೌದೆಯಾಗಿ ಎರಡು ಮರ, ಬೂದಿ ಬೀಳಲು ಒಂದು ಹಿಡಿ ಮಣ್ಣು. ಲೋಹ ಇಲ್ಲ. ನೀರು ಒಂದು ತೊಟ್ಟೂ ಇಲ್ಲ. ಅದರ ಮೇಲೆ ಈ ವರ್ಷ ಅರವತ್ತು ವರ್ಷಕ್ಕೊಮ್ಮೆ ಬರುವ ಬೆಂಕಿ ಕುದುರೆಯ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ತಿರುಗಿ ಬರುವ ಪ್ರಾಣಿಗಳ ಸುತ್ತಿನಲ್ಲಿ ಕುವಾಂಗ್ ಹುಟ್ಟಿದ್ದೂ ಕುದುರೆ ವರ್ಷದಲ್ಲೇ. ಮೇಷ್ಟ್ರು ಪುಸ್ತಕ ಮುಚ್ಚಿ, ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆಯಾ ಎಂದು ಕೇಳಿದರಂತೆ. ಅವರು ತಮಾಷೆಗೆ ಹೇಳಿದ್ದು ಎಂದು ಕುವಾಂಗ್ ಈಗಲೂ ವಾದಿಸುತ್ತಾನೆ. ದೆಹುಯಿಗೆ ತಮಾಷೆ ಎನ್ನುವುದು ಹುಟ್ಟಿನಿಂದಲೇ ಅಂಟಿಲ್ಲ. ಅವಳು ಸಿಲಿಂಡರ್ ತಂದಳು. ಅದು ಇವತ್ತಿಗೂ ಅವನ ಮಂಚದ ತಲೆಯ ಹತ್ತಿರ ನಿಂತಿದೆ.

ಮಂಚ ಅಂದೆನಲ್ಲ, ಅದರ ಕಥೆಯೂ ಕೇಳಿ. ಮಂಚ ಮರದ್ದು. ಮರ ಬೆಂಕಿಯ ತಾಯಿ. ಐದು ಬೆಂಕಿಯ ಮನುಷ್ಯನನ್ನು ಮರದ ಮೇಲೆ ಮಲಗಿಸುವುದೂ ಒಂದೇ, ಒಲೆಗೆ ಸೌದೆ ಒಟ್ಟುವುದೂ ಒಂದೇ. ಆದ್ದರಿಂದ ಮರದ ಮಂಚ ದೆಹುಯಿಗೆ ಹೋಯಿತು, ಕುವಾಂಗನಿಗೆ ಮಡಚುವ ಕಬ್ಬಿಣದ ಮಂಚ ಬಂತು. (ಲೋಹ ನೀರಿನ ತಾಯಿ. ಈ ಐದರ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಒಂದೋ ತಾಯಿ, ಇಲ್ಲ ಶತ್ರು. ನಮ್ಮ ನಿಮ್ಮ ಮನೆಗಳ ಹಾಗೇ.) ಆ ಮಂಚ ರಾತ್ರಿಯಿಡೀ ಕಿರುಗುಟ್ಟುತ್ತಿತ್ತು. ಹೊರಳಿದರೆ ಒಂದು ರಾಗ, ಉಸಿರು ಬಿಟ್ಟರೆ ಇನ್ನೊಂದು. ಅವನ ಬಿದಿರಿನ ಕುರ್ಚಿ ನೆರೆಮನೆಗೆ ದಾನವಾಯಿತು. ಆ ನೆರೆಯವನು ದಿನಾ ಸಂಜೆ ಅದರಲ್ಲಿ ಕೂತು ಕುವಾಂಗನಿಗೆ ಕಾಣುವ ಹಾಗೆ ಒರಗಿಕೊಳ್ಳುತ್ತಿದ್ದ. ದಕ್ಷಿಣದ ಕಿಟಕಿಯ ಬಿಸಿಲು ಬಂದ್ ಆಯಿತು, ದಕ್ಷಿಣ ಬೆಂಕಿಯ ದಿಕ್ಕು. ಉತ್ತರ ನೀರಿನ ದಿಕ್ಕು, ಆದ್ದರಿಂದ ಮಹಾಶಯನ ಆಸ್ಥಾನ ಉತ್ತರಕ್ಕೆ ವರ್ಗವಾಯಿತು. ಉತ್ತರದಲ್ಲಿ ಇದ್ದದ್ದು ಬಟ್ಟೆ ಒಗೆಯುವ ಮೆಷಿನ್ನು. ಅವನು ಸ್ಟೀಲ್ ಸ್ಟೂಲಿನ ಮೇಲೆ ಅದಕ್ಕೆ ಒರಗಿ ಕೂತು ಪೇಪರ್ ಓದುತ್ತಿದ್ದರೆ, ಮೆಷಿನ್ನು ಬಟ್ಟೆ ಹಿಂಡುವ ಹಂತಕ್ಕೆ ಬಂದಾಗ ಪ್ರಪಂಚದ ಸುದ್ದಿಯೆಲ್ಲ ಗಡಗಡ ನಡುಗುತ್ತಿತ್ತು.

ಊಟದ ವಿಷಯ ಕೇಳಲೇಬೇಡಿ. ನೀರಿನ ಬಣ್ಣ ಕಪ್ಪು. ಕಪ್ಪು ಹುರುಳಿ, ಕಪ್ಪು ಎಳ್ಳು, ಕಪ್ಪು ಅಣಬೆ, ಸಮುದ್ರದ ಕಪ್ಪು ಸೊಪ್ಪು, ಮೂಳೆಯ ತನಕ ಕಪ್ಪಾದ ಕೋಳಿಯ ಸಾರು. ಬಟ್ಟಲು ಮುಂದೆ ಬಂದರೆ ಊಟ ಬಂತೋ ಬೂಟಿನ ಪಾಲಿಷ್ ಬಂತೋ ತಿಳಿಯುತ್ತಿರಲಿಲ್ಲ. ಉಪ್ಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಉಪ್ಪುನೀರು ಕುದಿಸಿದವನು ಕುವಾಂಗ್, ಆವಿಯ ಮುಂದೆ ನಿಂತು ನಿಂತು ಹುಬ್ಬು ಉದುರಿಸಿಕೊಂಡವನು. ಆ ಮೂವತ್ತು ವರ್ಷವೂ ಮಧ್ಯಾಹ್ನದ ಡಬ್ಬಿಯೊಳಗಿನ ಕೆಂಪು ಬಣ್ಣವೇ ಅವನನ್ನು ನಿಲ್ಲಿಸಿತ್ತು. ಈಗ ನಿವೃತ್ತನಾಗಿ, ಮೂಗಿಗೆ ಮೆಣಸಿನ ಘಾಟು ಇಲ್ಲದೆ ಬದುಕುವುದೆಂದರೆ ಬದುಕುವುದೇಕೆ ಎನ್ನುವ ಮಟ್ಟಕ್ಕೆ ಬಂದಿದ್ದ.

ಇಷ್ಟರ ಮೇಲೆ ಕೆಂಪು ಚಡ್ಡಿಯ ಸಮಸ್ಯೆ. ತಾನು ಹುಟ್ಟಿದ ಪ್ರಾಣಿಯ ವರ್ಷ ಮರಳಿ ಬಂದಾಗ ಮೈಮೇಲೆ ಕೆಂಪು ಇರಲೇಬೇಕು, ಇಲ್ಲವಾದರೆ ವರ್ಷವೆಲ್ಲ ಕಾಟ. ಆದರೆ ಕೆಂಪು ಅಂದರೆ ಬೆಂಕಿ. ಉಡಿಸಿದರೆ ಉರಿ, ಉಡಿಸದಿದ್ದರೆ ಕಾಟ. ದೆಹುಯಿ ಎರಡು ದಿನ ಯೋಚಿಸಿ, ಮಹಾ ಪಂಡಿತರಿಗೂ ಹೊಳೆಯದ ಪರಿಹಾರ ಹುಡುಕಿದಳು. ಕೆಂಪು ಚಡ್ಡಿಯನ್ನು ಬೆಳಿಗ್ಗೆ ನೀರಲ್ಲಿ ಅದ್ದಿ, ಹಿಂಡಿ, ಒದ್ದೆಯದನ್ನೇ ಕೊಟ್ಟಳು. ಕೆಂಪೂ ಆಯಿತು, ನೀರೂ ಆಯಿತು. ಆ ವಸಂತದಲ್ಲಿ ಕುವಾಂಗ್ ಚಹಾ ಅಂಗಡಿಯಲ್ಲಿ ಎಲ್ಲಿ ಕೂತು ಎದ್ದರೂ ಬೆಂಚಿನ ಮೇಲೆ ಒಂದು ಗುರುತು ಉಳಿಯುತ್ತಿತ್ತು. ವಯಸ್ಸಾಯಿತು ಪಾಪ ಎಂದು ಗೆಳೆಯರು ಮುಖ ತಿರುಗಿಸುತ್ತಿದ್ದರು. ಅವನು ವಿವರಿಸಲು ಹೋದರೆ ಇನ್ನೂ ಜಾಸ್ತಿ ಪಾಪ ಅನ್ನುತ್ತಿದ್ದರು.

ಸುಮ್ಮನೆ ಒಪ್ಪಿಕೊಂಡ ಎಂದು ತಿಳಿಯಬೇಡಿ. ಬೀದಿಯ ನೂಡಲ್ಸ್ ಅಂಗಡಿಗೆ ಹೋದ. ಅಂಗಡಿಯವಳು ಅವನ ಮುಖ ನೋಡಿದವಳೇ ಕೆಂಪೆಣ್ಣೆಯ ಪಾತ್ರೆಗೆ ತಟ್ಟೆ ಮುಚ್ಚಿದಳು. ದೆಹುಯಕ್ಕ ಬಂದು ಹೇಳಿ ಹೋಗಿದಾರೆ, ನಿಮಗೇನಾದ್ರೂ ಹೊತ್ತಿಕೊಂಡರೆ ಪಾಪ ನನ್ನ ತಲೆಗೆ ಬರುತ್ತೆ ಎಂದಳು. ಮುಂದಿನ ಬೀದಿಗೆ ಹೋದ. ಅಲ್ಲಿಯೂ ದೆಹುಯಕ್ಕ ಬಂದು ಹೋಗಿದ್ದರು. ನದಿ ದಾಟಿ ಹೋದ. ಸೇತುವೆಯ ಆಚೆ ಮೊದಲನೆಯ ಅಂಗಡಿಯವನು, ಒದ್ದೆ ಪ್ಯಾಂಟಿನ ಮುದುಕ ನೀವೇನಾ ಎಂದು ಕೇಳಿದ. ಬಿ.ಪಿ. ಮಾತ್ರೆಯ ಬಾಟಲಿಯಲ್ಲಿ ಮೆಣಸಿನಪುಡಿ ತುಂಬಿಟ್ಟು ನೋಡಿದ. ದೆಹುಯಿ ಮುಚ್ಚಳವನ್ನೂ ತೆಗೆಯದೆ, ಬಾಟಲಿಯನ್ನು ಮೂಗಿನ ಹತ್ತಿರವೂ ಹಿಡಿಯದೆ, ಅಡುಗೆಮನೆಯಿಂದಲೇ ಸೀನಿ ಪತ್ತೆ ಹಚ್ಚಿದಳು.

ಕೊನೆಗೆ ರೋಗದ ಬೇರಿಗೇ ಕೈ ಹಾಕೋಣ ಎಂದು ಕುವಾಂಗ್ ಪಾಂಗ್ ಮೇಷ್ಟ್ರ ಹತ್ತಿರ ಹೋದ. ಚಹಾ ಕುಡಿಸಿದ. ಕಾಲು ಗಂಟೆ ಅವರ ಮೊಣಕಾಲು ನೋವು ವಿಚಾರಿಸಿದ. ಆಮೇಲೆ, ಐದರಲ್ಲಿ ಎರಡು ಬೆಂಕಿ ಆರಿಸಿ ಕೊಡಿ ಮೇಷ್ಟ್ರೇ, ನಿಮಗೇನು ಕಷ್ಟ ಎಂದು ಮೆಲ್ಲಗೆ ಕೇಳಿದ. ಮೇಷ್ಟ್ರು ಅಂಥವರಲ್ಲ. ನಲವತ್ತು ವರ್ಷ ಅದೇ ಆಲದ ಕೆಳಗೆ ಕೂತು, ಗಿರಾಕಿಗೆ ಬೇಕಾದದ್ದನ್ನು ಹೇಳದೆಯೇ ಹೊಟ್ಟೆ ಹೊರೆದವರು.

"ಲೆಕ್ಕ ನಂದು, ಹೊತ್ತು ನಿಮ್ದು," ಎಂದರು ಅವರು. "ಕುದುರೆ ಹೊತ್ತು, ನಡುಮಧ್ಯಾಹ್ನ ಅಂತ ನಿಮ್ಮನೆಯವ್ರು ಬರೆದು ಕೊಟ್ರು. ಅದಕ್ಕೆ ಐದು ಬೆಂಕಿ ಬಂತು. ಬೇರೆ ಹೊತ್ತು ತನ್ನಿ, ಬೇರೆ ಲೆಕ್ಕ ಕೊಡ್ತೀನಿ."

ಅವರು ಬೇಸತ್ತು ಹೇಳಿದ ಮಾತು. ಕುವಾಂಗನಿಗೆ ಮಾತ್ರ ಅದು ಆಕಾಶವಾಣಿಯ ಹಾಗೆ ಕೇಳಿಸಿತು. ಬೇರೆ ಹೊತ್ತು. ನಡುಮಧ್ಯಾಹ್ನದ ನೇರ ಎದುರು ನಡುರಾತ್ರಿ, ಇಲಿ ಹೊತ್ತು, ಶುದ್ಧ ನೀರು. ಅವನು ಹುಟ್ಟಿದಾಗ ಅಲ್ಲಿದ್ದವರಲ್ಲಿ ಈಗ ಉಳಿದಿರುವುದು ಒಬ್ಬರೇ, ಅಪ್ಪನ ತಂಗಿ, ತೊಂಬತ್ತಮೂರು ವರ್ಷದ ಸೋದರತ್ತೆ. ನದಿಯ ಮೇಲುಗಡೆ, ಹಳೇ ಉಪ್ಪಿನ ಬಾವಿಯ ಹಳ್ಳಿಯಲ್ಲಿ ಇದ್ದಾಳೆ. ಅವಳೊಂದು ಸುಳ್ಳು ಹೇಳಿದರೆ ಜಾಡಿ ಮೇಜಿಗೆ ಬಂದಂತೆಯೇ.

ಬರಿಗೈಯಲ್ಲಿ ಹೋಗುವಂತಿಲ್ಲ. ಅತ್ತೆಗೆ ಇಷ್ಟ ಎಂದು ಮೆಣಸಿನಕಾಯಲ್ಲಿ ಹುರಿದು ಆರಿಸಿದ ಮೊಲದ ಮಾಂಸದ ಪೊಟ್ಟಣ ಒಂದನ್ನು ಕಟ್ಟಿಸಿದ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನಲವತ್ತು ನಿಮಿಷ ಬಸ್ಸಿನಲ್ಲಿ ಕೂರಬೇಕು. ಘಾಟು ಕಾಗದ ದಾಟಿ, ಚೀಲ ದಾಟಿ, ಮೂಗಿಗೆ ಬಂದು ಕ್ಷೇಮಸಮಾಚಾರ ಕೇಳುತ್ತಿತ್ತು. ಒಂದೇ ಒಂದು ತುಂಡು ಎಂದು ಮೂರು ಸಲ ಗಂಟಿಗೆ ಕೈ ಹಾಕಿದ, ಮೂರು ಸಲ ತೆಗೆದ. ಮನೆಗೆ ಹೋದ ತಕ್ಷಣ ದೆಹುಯಿ ಬಾಯಿ ಮೂಸುತ್ತಾಳೆ. ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ ಪಕ್ಕದ ಸೀಟಿನ ಹೆಂಗಸು, ಹೋದವರು ನಿಮಗೆ ಏನಾಗ್ಬೇಕಿತ್ತು ಎಂದು ಕೇಳಿದಳು.

ಅತ್ತೆ ಬಾಗಿಲಲ್ಲೇ ಕೂತಿದ್ದಳು. ಬಾಯಲ್ಲಿ ನಾಲ್ಕೇ ಹಲ್ಲು, ಆದರೆ ಒಂದಕ್ಕೊಂದು ಎದುರಿಗಿದ್ದವು, ಕೆಲಸ ನಡೆಯುತ್ತಿತ್ತು. ಹುಟ್ಟಿದ ಮಗುವಿನ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂದು ಅಂದು ಇಟ್ಟ ಕೆಟ್ಟ ಹೆಸರಿನಲ್ಲೇ ಇಂದಿಗೂ ಅವನನ್ನು ಕರೆಯುತ್ತಾಳೆ.

"ಏನೋ ನಾಯಿಮರಿ, ಮೊಲ ತಂದಿದೀಯ. ಏನೋ ಕೆಲಸ ಆಗ್ಬೇಕು ನಿಂಗೆ."

"ಅತ್ತೆ, ನಂಗೋಸ್ಕರ ನೀನೊಂದು ಸುಳ್ಳು ಹೇಳ್ಬೇಕು."

"ಒಂದೇನಾ?"

"ಒಂದೇ. ದೆಹುಯಿ ಕೇಳಿದ್ರೆ, ನಾನು ಮಧ್ಯಾಹ್ನ ಹುಟ್ಟಿದ್ದಲ್ಲ, ನಡುರಾತ್ರಿ ಹುಟ್ಟಿದ್ದು ಅಂದ್ಬಿಡು. ಇಲಿ ಹೊತ್ತು."

ಅತ್ತೆ ಕೈಯಲ್ಲಿದ್ದ ತುಂಡನ್ನು ಬಟ್ಟಲಿಗೆ ಹಾಕಿ, ಬೆರಳು ನೆಕ್ಕಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅದ್ರಲ್ಲಿ ಸುಳ್ಳೇನು ಬಂತೋ? ನೀನು ಹುಟ್ಟಿದ್ದೇ ಇಲಿ ಹೊತ್ತಲ್ಲಿ. ಹೊಕ್ಕುಳ ಬಳ್ಳಿ ಕತ್ತರಿಸಿದವಳು ನಾನು."

ಕುವಾಂಗ್ ಹೊಸ್ತಿಲ ಮೇಲೆ ಕೂತುಬಿಟ್ಟ. (ಒದ್ದೆ ಗುರುತು ಅಲ್ಲಿಯೂ ಉಳಿಯಿತು.)

ಆಮೇಲೆ ಅತ್ತೆ ಮೊಲ ಜಗಿಯುತ್ತಾ ಹೇಳಿದ ಕಥೆ ಹೀಗೆ. ಕುವಾಂಗನಿಗೆ ಆಗ ಮೂವತ್ತೊಂದು ವರ್ಷ. ಇದ್ದದ್ದು ಒಂದು ಜೊತೆ ಬೂಟು, ಮೂಗು ಎರಡು ಕಡೆ ಸೊಟ್ಟ, ಹೆಣ್ಣು ಕೊಡುವವರಿಲ್ಲ. ದೆಹುಯಿಯ ಅಪ್ಪ ಮಚ್ಚು ಕೊಡಲಿ ಬಡಿಯುವ ಕಮ್ಮಾರ. ಅವನ ಮಗಳ ಎಂಟು ಅಕ್ಷರದಲ್ಲಿ ಲೋಹವೋ ಲೋಹ. ಮೂರು ಸಂಬಂಧ ಬಂದಿದ್ದವು, ಮೂರೂ ಹುಡುಗರ ಜಾತಕದಲ್ಲಿ ಮರ. ಕೊಡಲಿಯ ಮನೆಗೆ ಮರ ಕಳಿಸ್ತೀರಲ್ಲ, ನಿಮಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವಾ ಎಂದು ಅವನೇ ವಾಪಸು ಕಳಿಸಿದ್ದ. ಲೋಹವನ್ನು ಹದಕ್ಕೆ ತರುವುದು ಬೆಂಕಿ ಒಂದೇ, ಆದ್ದರಿಂದ ಬೆಂಕಿ ತುಂಬಿದ ಗಂಡು ಬೇಕು ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಹೇಳಿ ಕಳಿಸಿದ್ದ. ಈ ಸುದ್ದಿ ಕುವಾಂಗನ ಅಮ್ಮನ ಕಿವಿಗೆ ಬಿತ್ತು.

"ನಿಮ್ಮಮ್ಮ ನಾನು ಒಂದು ಮಧ್ಯಾಹ್ನ ಹಳೇ ಪಂಚಾಂಗ ಹರಡಿಕೊಂಡು ಕೂತ್ವಿ," ಎಂದಳು ಅತ್ತೆ. "ನೀನು ಹುಟ್ಟಿದ ದಿನ ನೋಡಿದ್ರೆ ಬರೀ ನೀರು. ತಟತಟ ತೊಟ್ಟಿಕ್ತಿತ್ತು. ಆರು ದಿನ ಹಿಂದಕ್ಕೆ ಹೋದ್ವಿ, ಅಲ್ಲೊಂದು ದಿನ ಚೆನ್ನಾಗಿ ಉರೀತಿತ್ತು. ಮಧ್ಯಾಹ್ನದ ಹೊತ್ತಂತೂ ಧಗಧಗ. ಅದನ್ನೇ ಕೆಂಪು ಕಾಗದದಲ್ಲಿ ಬರೆಸಿ ಕಳಿಸಿದ್ವಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳೋದೂ ಒಂದೆ, ತಮಟೆ ಹೊಡೆಸೋದೂ ಒಂದೆ."

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೊಟ್ಟೆಗೇ ಇಲ್ಲದ ಕಾಲದಲ್ಲಿ ಹುಟ್ಟಿದಹಬ್ಬ ಮಾಡುವವರು ಯಾರು? ಮದುವೆಯ ಹೊತ್ತಿಗೆ ಅಮ್ಮ ಹೇಳಿದ ದಿನವೇ ದಿನ ಎಂದು ನಲವತ್ತೊಂದು ವರ್ಷ ನಂಬಿಕೊಂಡು ಬಂದಿದ್ದ. ಅತ್ತೆ ಪೆಟ್ಟಿಗೆಯ ತಳ ಕೆದಕಿ, ಅವನ ತಾತ ಕೈಯಾರೆ ಬರೆದ ಕಾಗದ ತೆಗೆದುಕೊಟ್ಟಳು. ಹುಳು ತಿಂದು ತೂತಾಗಿತ್ತು, ಪುಣ್ಯಕ್ಕೆ ದಿನ ಮತ್ತು ಹೊತ್ತಿನ ಜಾಗ ಹುಳುವಿಗೆ ರುಚಿಸಿರಲಿಲ್ಲ. ಹೊರಡುವಾಗ ಅತ್ತೆ ಒಂದು ಮಾತು ಹೇಳಿದಳು: ಹೊತ್ತು ಮಾತ್ರ ಹೇಳು, ಯಾಕೆ ಬದಲಾಯಿಸಿದ್ವಿ ಅನ್ನೋದು ಅವಳ ಕಿವಿಗೆ ಹಾಕಬೇಡ. ಕುವಾಂಗ್ ಹೂಂ ಹೂಂ ಎಂದ. ಅವನ ಕಿವಿಯಲ್ಲಿ ಆಗಲೇ ಕಾದ ಎಣ್ಣೆ ಚೊಂಯ್ ಎನ್ನುತ್ತಿತ್ತು.

ಮಾರನೆಯ ಬೆಳಿಗ್ಗೆ ಹೆಂಡತಿಯನ್ನು ಮುಂದಿಟ್ಟುಕೊಂಡು, ಗೆದ್ದ ಸೇನಾಪತಿಯ ಗತ್ತಿನಲ್ಲಿ ಆಲದ ಕೆಳಗೆ ಬಂದ. ಕಾಗದ ಮೇಷ್ಟ್ರ ಮುಂದೆ ಇಟ್ಟ. ಮೇಷ್ಟ್ರು ಗೆಣ್ಣು ಎಣಿಸತೊಡಗಿದರು. ಎಣಿಸುತ್ತ ಎಣಿಸುತ್ತ ಅವರ ಹುಬ್ಬು ಮೇಲೇರಿತು. ವರ್ಷ, ತಿಂಗಳು ಹಾಗೇ ಇವೆ, ದಿನ ಮತ್ತು ಹೊತ್ತಿನ ನಾಲ್ಕು ಅಕ್ಷರ ಪೂರ್ತಿ ತಿರುಗಿಬಿದ್ದಿವೆ ಎಂದರು. ಐದು ಬೆಂಕಿ ಇದ್ದದ್ದು ಎರಡಕ್ಕಿಳಿಯಿತು. ನೀರು ಸೊನ್ನೆ ಇದ್ದದ್ದು ಮೂರಾಯಿತು. ಎಲ್ಲೂ ಇಲ್ಲದ ಲೋಹ ಒಂದು ಬಂತು, ಮರ ಒಂದು, ಮಣ್ಣು ಒಂದು. ಐದಕ್ಕೆ ಐದೂ ಹಾಜರು. ಈ ಮನುಷ್ಯನಿಗೆ ಖಾರ ತಿನ್ನಿಸಬಹುದು, ಬಿಸಿಲಿಗೆ ಕೂರಿಸಬಹುದು, ಒಣ ಚಡ್ಡಿ ಹಾಕಿಸಬಹುದು.

ಕುವಾಂಗ್ ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತು ಆಲದ ಎಲೆಗಳನ್ನು ನೋಡತೊಡಗಿದ. ಚಹಾ ಅಂಗಡಿಯ ಗೆಳೆಯರೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದಿದ್ದರು. ಇಂಥ ಸಭೆಯ ಮುಂದೆ ಜಾಡಿ ವಾಪಸು ಬರುವುದೆಂದರೆ ಅದರ ರುಚಿಯೇ ಬೇರೆ.

ದೆಹುಯಿ ಮಾತ್ರ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದಳು, ಮೂಸಿದಳು, ಉಗುರಿನಲ್ಲಿ ಕೆರೆದಳು.

"ನಿನ್ನೆ ಅತ್ತೆ ಹತ್ರ ಹೋದೆ, ಇವತ್ತು ಹೊಸ ಹೊತ್ತು ತಂದೆ," ಎಂದಳು. "ಮೊಲ ತಿನ್ನಿಸಿ ಬರೆಸ್ಕೊಂಡು ಬಂದಿರ್ತೀಯ. ಇದು ಸುಳ್ಳು ಕಾಗದ."

"ಇದು ಸುಳ್ಳಲ್ಲ. ಇದೇ ನಿಜ. ಸುಳ್ಳು ಅಂದ್ರೆ ನಿನ್ನ ಹತ್ರ ಇರೋದು."

"ನನ್ನ ಹತ್ರ ಇರೋದು ಮದುವೆಗೆ ಮುಂಚೆ ನಿಮ್ಮನೆಯವರೇ ಕಳಿಸಿದ್ದು. ಆಗ ಯಾಕೆ ಸುಳ್ಳು ಬರೀತಾರೆ? ಆಗೇನು ನಿನ್ನ ಜಾಡಿ ಕಿತ್ಕೊಂಡಿದ್ನಾ ನಾನು?"

ಎಲ್ಲರೂ ಕುವಾಂಗನ ಕಡೆ ನೋಡಿದರು. ಮೇಷ್ಟ್ರೂ ಕನ್ನಡಕ ಸರಿಮಾಡಿಕೊಂಡರು. ಅತ್ತೆಯ ಮಾತು ಅವನಿಗೆ ನೆನಪಾಗಲಿಲ್ಲ ಎಂದಲ್ಲ, ಆಯಿತು. ಆದರೆ ಒಂದು ಕಡೆ ಅತ್ತೆಯ ಮಾತು, ಇನ್ನೊಂದು ಕಡೆ ಕೆಂಪೆಣ್ಣೆ. ಕಾರಣ ಹೇಳದಿದ್ದರೆ ಕಾಗದ ಸುಳ್ಳು, ಕಾಗದ ಸುಳ್ಳಾದರೆ ಸಾಯುವ ತನಕ ಕಪ್ಪು ಹುರುಳಿ. ಅವನು ಗಂಟಲು ಸರಿಮಾಡಿಕೊಂಡು ಪೂರ್ತಿ ಕಥೆ ಹೇಳಿದ. ಕಮ್ಮಾರ ಮಾವ, ಕೊಡಲಿಯಂಥ ಮಗಳು, ವಾಪಸು ಹೋದ ಮೂರು ಮರಗಳು, ಪಂಚಾಂಗ, ಚೆನ್ನಾಗಿ ಉರಿಯುತ್ತಿದ್ದ ದಿನ, ಯಾವುದನ್ನೂ ಬಿಡಲಿಲ್ಲ. ಚಹಾ ಅಂಗಡಿಯವರು ನಕ್ಕಿದ್ದು ನೋಡಿ ಹುರುಪು ಬಂದು, ಅತ್ತೆ ಹೇಳದೆ ಇದ್ದ ಒಂದೆರಡು ವಿವರವನ್ನೂ ತಾನೇ ಸೇರಿಸಿದ.

ದೆಹುಯಿ ನಗಲಿಲ್ಲ, ಬೈಯಲಿಲ್ಲ. ಕಾಗದವನ್ನು ಅಂದವಾಗಿ ಮಡಚಿ ಜೇಬಿಗೆ ಹಾಕಿಕೊಂಡಳು.

"ಮೇಷ್ಟ್ರೇ, ಹಾಗಾದ್ರೆ ಇವನು ಬೆಂಕಿ ಅಲ್ಲವೇ ಅಲ್ಲ?"

"ಎರಡು ಕಿಡಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಮನುಷ್ಯ ನೀರು. ನೀವು ಲೋಹ. ಲೋಹ ನೀರಿಗೆ ತಾಯಿ. ನಿಮ್ಮ ಕೈಯಲ್ಲಿ ಮಗು ಇದ್ದ ಹಾಗಮ್ಮ ಇವರು."

ಚಹಾ ಅಂಗಡಿಯಲ್ಲಿ ಯಾರದೋ ಮೂಗಿನಿಂದ ಚಹಾ ಹೊರಬಂತು. ಕುವಾಂಗನಿಗೆ ಅದರ ಪರಿವೆಯೇ ಇಲ್ಲ. ಮಗುವಾದರೂ ಸರಿ, ಖಾರ ತಿನ್ನುವ ಮಗು.

ಮನೆಗೆ ಬರುವ ದಾರಿಯಲ್ಲಿ ದೆಹುಯಿ ಒಂದು ಮಾತೂ ಆಡಲಿಲ್ಲ. ಮೀನಿನ ಅಂಗಡಿ ದಾಟಿದರು, ಮಾತಿಲ್ಲ. ಎಂದೂ ಅವಳು ಸುಮ್ಮನೆ ದಾಟದ ತರಕಾರಿಯವಳ ಗಾಡಿ ದಾಟಿದರು, ಮಾತಿಲ್ಲ. ತಪ್ಪು ಮಾಡಿದೆ ಎಂದು ಪಶ್ಚಾತ್ತಾಪ ಪಡುತ್ತಿದ್ದಾಳೆ, ಪಾಪ, ನಾನೂ ಜಾಸ್ತಿ ಕಾಡಿಸಬಾರದು ಎಂದು ಕುವಾಂಗ್ ಮನಸ್ಸಿನಲ್ಲೇ ಕ್ಷಮಿಸಿಬಿಟ್ಟ. ಆರು ಮಹಡಿಯನ್ನೂ ಶಿಳ್ಳೆ ಹಾಕುತ್ತಾ ಹತ್ತಿದ.

ಮನೆಗೆ ಬಂದವಳೇ ಅವಳು ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ಜಾಡಿ ತೆಗೆದಳು. (ಅಕ್ಕಿ ಡಬ್ಬ. ಎರಡು ತಿಂಗಳು ಅವನು ಹುಡುಕದ ಜಾಗ ಅದೊಂದೇ, ಯಾಕೆಂದರೆ ಮದುವೆಯಾದಾಗಿನಿಂದ ಅವನು ಅಕ್ಕಿ ತೊಳೆದವನಲ್ಲ.) ಮೀನಿನ ಬುರುಡೆಯನ್ನು ಕಿಟಕಿಗೆ ಇಟ್ಟಳು. ನೂಡಲ್ಸ್ ಬೇಯಿಸಿ, ಬಸಿದು, ಒಂದಲ್ಲ ಎರಡಲ್ಲ ನಾಲ್ಕು ಚಮಚ ಕೆಂಪೆಣ್ಣೆ ಸುರಿದಳು. ಮೇಲೆ ಹುರಿದ ಶೇಂಗಾ ಉದುರಿಸಿದಳು. ಬಟ್ಟಲು ಕುವಾಂಗನ ಮುಂದೆ ಬಂದಾಗ ಸೂರ್ಯೋದಯವಾದಂತಿತ್ತು. ಅವನು ಕಡ್ಡಿಗಳನ್ನು ಒರೆಸಿ ಹಿಡಿದು, ಮೊದಲ ತುತ್ತು ಎತ್ತಿದ.

ದೆಹುಯಿ ಎದುರಿನ ಸ್ಟೂಲ್ ಎಳೆದುಕೊಂಡು ಕೂತಳು. ಅವನ ಕೈಯನ್ನು ಕಡ್ಡಿಯ ಸಮೇತ ಮೆಲ್ಲಗೆ ಬಟ್ಟಲಿಗೆ ಇಳಿಸಿದಳು.

"ಮದುವೆ ದಿನ ನಮ್ಮಪ್ಪ ನನ್ನ ಪಕ್ಕಕ್ಕೆ ಕರ್ದು ಹೇಳಿದ," ಎಂದಳು. "ಮಗಳೇ, ನೀನು ಲೋಹ, ಅವನು ಬೆಂಕಿ. ಎದುರು ನಿಂತ್ರೆ ಕರಗಿ ಹೋಗ್ತೀಯ. ಅವನು ಏನೇ ಅಂದ್ರೂ ಬಾಯಿ ಬಿಗಿ ಹಿಡ್ಕೊ. ಹದ ಆಗ್ತಿದೀನಿ ಅಂದ್ಕೊ. ಅಪ್ಪನ ಮಾತಿಗೆ ನಾನು ನಲವತ್ತೊಂದು ವರ್ಷ ಬಾಯಿ ಬಿಗಿ ಹಿಡ್ಕೊಂಡಿದೀನಿ."

ಕುವಾಂಗನಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನ ಬಂತು. ಅವನ ಕಾಲುಚೀಲದ ಬಗ್ಗೆ, ಗೊರಕೆಯ ಬಗ್ಗೆ, ಇಸ್ಪೀಟಿನ ಬಗ್ಗೆ, ಅವನ ಅಣ್ಣತಮ್ಮಂದಿರ ಬಗ್ಗೆ, ಒಡೆದ ಕಪ್ಪು, ಮರೆತ ಛತ್ರಿ, ಬೆಳಿಗ್ಗೆ ಐದೂವರೆಗೆ ಶುರುವಾಗಿ ದೀಪ ಆರಿಸಿದ ಮೇಲೂ ಕತ್ತಲಲ್ಲಿ ಸ್ವಲ್ಪ ದೂರ ಮುಂದುವರಿಯುತ್ತಿದ್ದ ಆ ನಿರಂತರ ವ್ಯಾಖ್ಯಾನ ಅವನ ಕಿವಿಯಲ್ಲಿ ಒಮ್ಮೆ ಹಾದುಹೋಯಿತು.

"ಅದೆಲ್ಲ... ಬಾಯಿ ಬಿಗಿ ಹಿಡ್ಕೊಂಡು ಹೇಳಿದ್ದಾ?"

"ಮತ್ತೆ? ಅದು ಸೋರಿದ್ದು. ಒಳಗಿರೋದು ಹಾಗೇ ಇದೆ." ಅವಳು ಸೆರಗಿಲ್ಲದ ಅಂಗಿಯ ತೋಳು ಮಡಚಿಕೊಂಡಳು. "ಬೆಂಕಿ ಮುಂದೆ ನಿಲ್ಬಾರ್ದು ಅಂತ ಸುಮ್ನಿದ್ದೆ. ಇಷ್ಟು ವರ್ಷ ಕೂಗಾಡ್ತಿದ್ದದ್ದು ನೀರು ಅಂತ ಇವತ್ತು ಗೊತ್ತಾಯ್ತು. ಕೇಳು."

ಶುರು ಮಾಡಿದಳು. ಮದುವೆ ಗೊತ್ತುಮಾಡಲು ಬಂದ ದಿನ ಕುವಾಂಗನ ಅಮ್ಮ ಯಾವ ಕಡೆ ತಿರುಗಿ ಕೂತಿದ್ದಳು ಎನ್ನುವುದರಿಂದ ಶುರು. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಅಭ್ಯಾಸವಿತ್ತು. ಅಚ್ಚುಕಟ್ಟಾಗಿ, ದಿನ ವಾರ ಸಮೇತ, ಯಾರು ಯಾವ ಬಣ್ಣದ ಅಂಗಿ ಹಾಕಿದ್ದರು ಎನ್ನುವುದೂ ಬಿಡದೆ, ಒಂದಾದಮೇಲೊಂದು ಬಂತು. ಕುವಾಂಗ್ ಒಂದು ತುತ್ತು ಬಾಯಿಗಿಟ್ಟ. ನುಂಗುವ ಮುಂಚೆ ಅದಕ್ಕೂ ಒಂದು ಪ್ರಸಂಗ ಸೇರಿತು: ಮದುವೆಯ ದಿನವೂ ನೀನು ಹೀಗೇ ನನ್ನ ಕೇಳದೆ ಮೊದಲು ತಿಂದೆ. ಬಟ್ಟಲಿನ ಆವಿ ನಿಂತಿತು. ನೂಡಲ್ಸ್ ಎಣ್ಣೆಯನ್ನೆಲ್ಲ ಹೀರಿಕೊಂಡು ಉಬ್ಬಿ ಒಂದೇ ಮುದ್ದೆಯಾಯಿತು. ಹನ್ನೊಂದು ಹೊಡೆಯಿತು, ಹನ್ನೆರಡು ಹೊಡೆಯಿತು. ಮೇಲಿನ ಮನೆಯವರು ಅನ್ನದ ಬಟ್ಟಲು ಹಿಡಿದು ಕಿಟಕಿಗೆ ಬಂದಿದ್ದರು, ಈ ಸಲ ವಾಸನೆಗಲ್ಲ.

ಒಂದು ಗಂಟೆಯ ಸುಮಾರಿಗೆ ಕುವಾಂಗ್ ಅರ್ಧ ಎದ್ದ. ಬಹಳ ಮೃದುವಾಗಿ ಹೇಳಿದ, ಅತ್ತೆಗೆ ತೊಂಬತ್ತಮೂರು ವರ್ಷ, ಅವಳ ನೆನಪನ್ನು ಪೂರ್ತಿ ನಂಬುವ ಹಾಗಿಲ್ಲ, ಆ ಕಾಗದಕ್ಕೂ ಹುಳು ಹಿಡಿದಿದೆ. ಈಗ ಯೋಚಿಸಿದರೆ ತಾನು ಮಧ್ಯಾಹ್ನವೇ ಹುಟ್ಟಿದ್ದು ಅನ್ನಿಸುತ್ತಿದೆ, ಮೈಯೆಲ್ಲ ಬಿಸಿ ಬಿಸಿ ಇದೆ, ಬೇಕಾದರೆ ಮುಟ್ಟಿ ನೋಡು. ಮೇಷ್ಟ್ರ ಹತ್ತಿರ ಒಂದು ನಿಮಿಷ ಹೋಗಿ ಕೇಳಿಕೊಂಡು ಬರುತ್ತೇನೆ, ಮಧ್ಯಾಹ್ನದ ಊಟಕ್ಕೆ ಕಪ್ಪು ಹುರುಳಿಯೇ ಇರಲಿ.

"ಕೂತ್ಕೊ," ಎಂದಳು ದೆಹುಯಿ. "ಇನ್ನೂ ಮದುವೆ ಊಟಾನೇ ಮುಗ್ದಿಲ್ಲ."